ಬೀರುವಿನ ಆಚೆ ಬದಿಯ ಟೀಚರ್

ಹೊಟ್ಟೆಕಿಚ್ಚೂ ಹಸಿವಿನ ಹಾಗೆಯೇ, ಎಲ್ಲರಿಗೂ ಆಗುತ್ತದೆ. ಹಸಿವಾದರೆ ಜನ ಬಾಯಿಬಿಟ್ಟು ಹೇಳುತ್ತಾರೆ, ಇದನ್ನು ಮಾತ್ರ ನುಂಗಿಕೊಂಡು ಓಡಾಡುತ್ತಾರೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ನನ್ನ ಮಾತಿನಲ್ಲಿ ಏನಾದರೂ ಉಪ್ಪುಖಾರ ಇದ್ದರೆ ಅದು ಅವಳ ಒಲೆಯ ಮುಂದೆ ಕೂತು ಸಂಪಾದಿಸಿದ್ದೇ ಹೊರತು ಟ್ರೈನಿಂಗ್ ಕಾಲೇಜು ಕೊಟ್ಟಿದ್ದಲ್ಲ. ಆದ್ದರಿಂದ ಅವಳ ಮಾತಿಗೆ ಮರ್ಯಾದೆ ಕೊಟ್ಟು ಬಾಯಿಬಿಟ್ಟೇ ಹೇಳುತ್ತೇನೆ. ನನ್ನ ನೌಕರಿಯ ಅಷ್ಟೂ ವರ್ಷಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿದುಕೊಂಡಿದ್ದು ನನ್ನದೇ ಶಾಲೆಯ ಎರಡನೆಯ ಟೀಚರ್ ಮೇಲೆ. ಆ ಟೀಚರ್ ಬೇಕೇ ಬೇಕು ಎಂದು ವರ್ಷಗಟ್ಟಲೆ ಕಂಡಕಂಡ ಸಾಹೇಬರಿಗೆಲ್ಲ ಕೈಮುಗಿದವನೂ ನಾನೇ.

ತೊಂಬತ್ತರ ದಶಕದ ಕೊನೆಯ ಮಾತು. ಭದ್ರಾವತಿಯಲ್ಲಿ ಕಾರ್ಖಾನೆಯ ಕೂಲಿಯವರ ಮನೆಗಳ ಸಾಲು ಮುಗಿಯುವಲ್ಲಿ ನಮ್ಮ ಸರ್ಕಾರಿ ಶಾಲೆ. ಒಂದರಿಂದ ನಾಲ್ಕನೇ ತರಗತಿ. ಒಂದು ದೊಡ್ಡ ಕೋಣೆ, ಮುಂದೊಂದು ಜಗಲಿ, ಒಂದು ಕುರ್ಚಿ, ಒಬ್ಬ ಮೇಷ್ಟ್ರು. ನನ್ನ ಮನೆ ಶಿವಮೊಗ್ಗದಲ್ಲಿ. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಬುತ್ತಿ ಕಟ್ಟಿಸಿಕೊಂಡು, ಬಸ್ ಸ್ಟ್ಯಾಂಡಿಗೆ ನಡೆದು, ಪ್ರೈವೇಟ್ ಬಸ್ಸಿನಲ್ಲಿ ಜೋತಾಡಿಕೊಂಡು ಭದ್ರಾವತಿಗೆ ಹೋಗುತ್ತಿದ್ದೆ.

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಇನ್ನೊಂದು ಸರ್ಕಾರಿ ಶಾಲೆಯಿತ್ತು. ನಮ್ಮ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರ. ಅಲ್ಲಿ ಒಂದೊಂದು ಕ್ಲಾಸಿಗೆ ಒಬ್ಬೊಬ್ಬ ಟೀಚರ್. ಪ್ರಾರ್ಥನೆಯ ಹೊತ್ತಿಗೆ ಅವರೆಲ್ಲ ಸೀರೆಯ ಸೆರಗು ಹೊದ್ದು ಸಾಲಾಗಿ ನಿಂತಿರುತ್ತಿದ್ದರು. ಗಂಟೆ ಹೊಡೆಯುವುದಕ್ಕೇ ಒಬ್ಬ ಜವಾನ. ಕಾಂಪೌಂಡಿನ ಆಚೆ ನಿಂತು ಅದನ್ನು ನೋಡುತ್ತಿದ್ದರೆ ಮದುವೆಮನೆಯ ಹೊರಗೆ ನಿಂತ ಹಾಗೆ ಅನಿಸುತ್ತಿತ್ತು. ಒಂದೊಂದು ದಿನ ಅದೇ ಕಾರಣಕ್ಕೆ ಬಸ್ಸು ತಪ್ಪುತ್ತಿತ್ತು.

ಒಬ್ಬನೇ ನಾಲ್ಕು ಕ್ಲಾಸು ಹೇಗೆ ನಡೆಸುತ್ತಿದ್ದೆ ಎಂದು ಕೇಳಬಹುದು. ಅದಕ್ಕೆ ನನ್ನದೇ ಒಂದು ವಿದ್ಯೆ ಇತ್ತು. ನಾಲ್ಕು ಗೋಡೆಗೆ ನಾಲ್ಕು ಕ್ಲಾಸು. ಮಕ್ಕಳು ಗೋಡೆಗೆ ಮುಖ ಮಾಡಿ ಕೂರಬೇಕು, ಬೆನ್ನೆಲ್ಲ ನಡುವಿಗೆ. ನಡುವೆ ನಾನು, ಕೈಯಲ್ಲಿ ಕೋಲು. ಆ ಕೋಲು ಹೊಡೆಯುವುದಕ್ಕಲ್ಲ, ನೆಲಕ್ಕೆ ಕುಟ್ಟುವುದಕ್ಕೆ. ಒಂದು ಸಲ ಕುಟ್ಟಿದರೆ ಒಂದನೇ ಕ್ಲಾಸಿನವರು ಅಕ್ಷರಮಾಲೆ ಹೇಳಬೇಕು. ಎರಡು ಸಲ ಕುಟ್ಟಿದರೆ ಎರಡನೆಯವರು ಕಾಗುಣಿತ. ಮೂರಕ್ಕೆ ಮಗ್ಗಿ, ನಾಲ್ಕಕ್ಕೆ ಪದ್ಯ. ಕೋಲನ್ನು ನೆಲಕ್ಕೆ ಒತ್ತಿ ಹಿಡಿದರೆ ಎಲ್ಲರೂ ಗಪ್‌ಚುಪ್. ದಾರಿಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿ, "ಮೇಷ್ಟ್ರು ಒಳ್ಳೇ ಬ್ಯಾಂಡ್‌ಸೆಟ್ ನಡೆಸ್ದಂಗೆ ನಡೆಸ್ತಾರೆ ಮಾರಾಯ" ಎನ್ನುತ್ತಿದ್ದರು. ನಾನು ಕೇಳಿಸಿಕೊಳ್ಳದವನ ಹಾಗೆ ಇನ್ನೂ ಸ್ವಲ್ಪ ಜೋರಾಗಿ ಕುಟ್ಟುತ್ತಿದ್ದೆ.

ಆ ವರ್ಷ ಜೂನಿನಲ್ಲಿ ಸರ್ಕಾರ ಹೊಸ ಶಿಕ್ಷಕರನ್ನು ತೆಗೆದುಕೊಂಡಿತು. ನಮ್ಮ ಶಾಲೆಗೂ ಒಬ್ಬರು ಬಂದರು. ಕಾಲೇಜು ಮುಗಿಸಿದ ಹುಡುಗಿಯ ಹಾಗೆ ಕಾಣುತ್ತಿದ್ದ ಟೀಚರ್. ಹುಟ್ಟಿ ಬೆಳೆದಿದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲೇ; ತಂದೆ ಅಲ್ಲಿಯ ಕೆಲಸಗಾರರು. ನಾನು ಪಕ್ಕದ ಮನೆಯಿಂದ ಒಂದು ಮಡಚುವ ಕುರ್ಚಿ ಕಡ ತಂದು, ಒರೆಸಿ, ಹಾಕಿ, "ಬನ್ನಿ ಮೇಡಂ, ನಿಮಗೋಸ್ಕರ ಈ ಶಾಲೆ ಎಷ್ಟು ವರ್ಷದಿಂದ ಕಾಯ್ತಾ ಇದೆ ಗೊತ್ತಾ?" ಎಂದೆ. ಮನಸ್ಸಿನಿಂದಲೇ ಹೇಳಿದ್ದೆ. ಅವತ್ತು ಮಧ್ಯಾಹ್ನದವರೆಗೂ ನನ್ನಷ್ಟು ಸುಖಿ ಭದ್ರಾವತಿಯಲ್ಲಿ ಇರಲಿಲ್ಲ.

ಕೋಣೆಯ ನಡುವೆ ಕಬ್ಬಿಣದ ಬೀರು ಅಡ್ಡ ಇಟ್ಟೆವು. ಅದರ ಪಕ್ಕ ಕರಿಹಲಗೆಯ ಸ್ಟ್ಯಾಂಡು. ಈಚೆಗೆ ನಾನು, ಮೂರು ಮತ್ತು ನಾಲ್ಕನೇ ತರಗತಿ. ಆಚೆಗೆ ಅವರು, ಒಂದು ಮತ್ತು ಎರಡು. ಬೀರು ಕಣ್ಣಿಗೆ ಅಡ್ಡವಾಯಿತೇ ಹೊರತು ಕಿವಿಗೆ ಆಗಲಿಲ್ಲ. ಆಚೆಯಿಂದ ಚಪ್ಪಾಳೆ, ನಗು, ಕುಣಿತ, ಕಾಗೆ ಕೂಗಿದ ಹಾಗೆ, ನಾಯಿ ಬೊಗಳಿದ ಹಾಗೆ ಸದ್ದು. ಅಕ್ಷರ ಕಲಿಸುತ್ತಿದ್ದಾರೋ ಪ್ರಾಣಿಗಳನ್ನು ಸಾಕಿದ್ದಾರೋ ತಿಳಿಯುತ್ತಿರಲಿಲ್ಲ. ನನ್ನ ಕಡೆಯ ಮಕ್ಕಳ ಕುತ್ತಿಗೆಯೆಲ್ಲ ಬೀರುವಿನ ಕಡೆಗೇ ವಾಲುತ್ತಿತ್ತು.

ಆದರೂ ಇದೆಲ್ಲ ಸಹಿಸಬಹುದಾಗಿತ್ತು. ಒಬ್ಬ ಹುಡುಗಿಯ ವಿಷಯ ಬರುವವರೆಗೆ.

ಎರಡನೇ ತರಗತಿಯಲ್ಲಿ ಒಂದು ಹುಡುಗಿ ಇದ್ದಳು. ತಮಿಳುನಾಡಿನ ಕಡೆಯಿಂದ ಬಂದು ಅಜ್ಜಿಯ ಜೊತೆ ನಮ್ಮ ಶಾಲೆಯ ಹಿಂದಿನ ಸಾಲುಮನೆಯಲ್ಲಿದ್ದಳು. ಆ ಬೀದಿಯ ಬೇರೆ ತಮಿಳರ ಮಕ್ಕಳು ಬೀದಿಯಲ್ಲಿ ಆಡಿ ಆಡಿ ಕನ್ನಡ ಕಲಿತಿದ್ದರು. ಇವಳು ಆಡುವುದಕ್ಕೂ ಹೋಗಳು, ಬಾಯೂ ಬಿಡಳು. ನನ್ನ ಬಳಿ ಒಂದು ವರ್ಷ ಒಂದನೇ ತರಗತಿಯ ಗೋಡೆಗೆ ಮುಖ ಮಾಡಿ ಕೂತಿದ್ದವಳು ಒಂದಕ್ಷರ ಉಸುರಿರಲಿಲ್ಲ. ನಾನೇನು ಸುಮ್ಮನಿದ್ದೆನೇ? ಪೆಪ್ಪರ್‌ಮಿಂಟು ಕೊಟ್ಟೆ. ತಲೆ ಸವರಿದೆ. ಅಜ್ಜಿ ಹೇಳಿದ ಕತೆಗಳಲ್ಲಿ ಇರುವುದರಲ್ಲೇ ಒಳ್ಳೆಯದನ್ನು ತೆಗೆದು ಹೇಳಿದೆ. ಪೆಪ್ಪರ್‌ಮಿಂಟು ತಿಂದಳು, ಕತೆಗೆ ಕಣ್ಣು ಅರಳಿಸಲೂ ಇಲ್ಲ. "ಅವ್ಳು ಮಾತಾಡಲ್ಲ ಸಾ, ಅವ್ಳು ಅಂಗೇಯ" ಎಂದು ಮಕ್ಕಳು ನನಗೇ ಸಮಾಧಾನ ಹೇಳುತ್ತಿದ್ದರು.

ಹೊಸ ಟೀಚರ್ ಬಂದ ಮಾರನೆಯ ದಿನವೋ ಅದರ ಮಾರನೆಯ ದಿನವೋ, ಊಟದ ಗಂಟೆ ಹೊಡೆದಿತ್ತು. ಹುಡುಗಿ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಟೀಚರ್ ಕೈತೊಳೆದುಕೊಂಡು ಬರುತ್ತಾ, ನಿಲ್ಲದೆಯೇ, ಪಕ್ಕದ ಮನೆಯವಳನ್ನು ಕೇಳುವ ಹಾಗೆ, "ಸಾಪ್ಟಿಯಾ?" ಅಂದರು. ಊಟ ಆಯಿತಾ ಅಂತ, ಅಷ್ಟೇ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ತಮಿಳು, ತೆಲುಗು ಎಲ್ಲ ಗಾಳಿಯಲ್ಲೇ ಬರುತ್ತದೆ.

ಹುಡುಗಿ ಕಂಬ ಬಿಟ್ಟಳು. ಆಮೇಲೆ ಆ ಬಾಯಿಂದ ಬಂತು ನೋಡಿ ಮಾತು! ನಲ್ಲಿಯ ಬಾಯಿಗೆ ಸಿಕ್ಕಿಕೊಂಡಿದ್ದ ಬಟ್ಟೆ ಕಿತ್ತ ಹಾಗೆ. ಅಜ್ಜಿಯ ವಿಷಯವೋ, ಅನ್ನದ ವಿಷಯವೋ, ಒಂದು ವರ್ಷದ ನನ್ನ ಕತೆಗಳ ವಿಷಯವೋ, ನನಗೇನು ಗೊತ್ತು? ಟೀಚರ್ ಹೂಂ ಹೂಂ ಎನ್ನುತ್ತಾ ಅವಳ ಕೈ ಹಿಡಿದು ಒಳಗೆ ಹೋದರು. ಪೆಪ್ಪರ್‌ಮಿಂಟಿನ ಡಬ್ಬಿ ನನ್ನ ಜೇಬಿನಲ್ಲೇ ಇತ್ತು.

ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಒಂದು ವರ್ಷ ಕಣೇ, ಒಂದು ವರ್ಷ ಒದ್ದಾಡಿದೀನಿ. ಇವರು ಬಂದು ಒಂದು ಮಾತು ಕೇಳಿದ್ದಕ್ಕೇ..."

"ಒಳ್ಳೇದಾಯ್ತಲ್ರೀ ಮತ್ತೆ, ಮಗು ಮಾತಾಡ್ತು."

"ಒಳ್ಳೇದೇ. ಯಾರು ಬೇಡ ಅಂದ್ರು?"

"ಮುಖ ನೋಡಿದ್ರೆ ಬಸ್ಸಲ್ಲಿ ಚಪ್ಪಲಿ ಕಳ್ಕೊಂಡು ಬಂದೋರ ಥರ ಇದೆಯಲ್ಲ, ಅದಕ್ಕೆ ಕೇಳ್ದೆ" ಎಂದು ಅವಳು ಕಾಫಿ ತರಲು ಒಳಗೆ ಹೋದಳು.

ನವೆಂಬರಿನಲ್ಲಿ ಮಕ್ಕಳನ್ನು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಕರೆದುಕೊಂಡು ಹೋದೆವು. ಒಬ್ಬನೇ ಇದ್ದಷ್ಟು ವರ್ಷ ಶಾಲೆಯ ಪ್ರವಾಸ ಎಂಬ ಮಾತೇ ಇರಲಿಲ್ಲ. ನಾನು ಬಸ್ಸಿನ ಮುಂದೆ ಕೂತರೆ ಹಿಂದಿನ ಮಕ್ಕಳು ಕಿಟಕಿಯಿಂದ ಹೊರಗಿರುತ್ತಾರೆ, ಹಿಂದೆ ಕೂತರೆ ಮುಂದಿನವರು ಡ್ರೈವರನ ತೊಡೆಯ ಮೇಲಿರುತ್ತಾರೆ. ಈಗ ಇಬ್ಬರಾದೆವಲ್ಲ, ಹೊರಟೆವು. ಸಿಂಹ ತೋರಿಸಬೇಕೆಂಬ ನನ್ನ ಎಷ್ಟೋ ವರ್ಷದ ಆಸೆ. ಸಿಂಹದ ಮೇಲೆ ನನ್ನ ಬಳಿ ಒಂದು ಕತೆಯೂ ತಯಾರಿತ್ತು. ಜಾಲರಿಯ ವ್ಯಾನಿನಲ್ಲಿ ಕೂತು ಒಳಗೆ ಹೋದಾಗ ಸಿಂಹವೊಂದು ರಸ್ತೆಯ ಪಕ್ಕ ಮಲಗಿದ್ದು ಎದ್ದು ಆಕಳಿಸಿತು. ಅಷ್ಟೇ ಮಾಡಿದ್ದು ಪಾಪ. ಮಕ್ಕಳೆಲ್ಲ ಕಿರುಚಿಕೊಂಡು "ಮಿಸ್, ಮಿಸ್" ಎಂದು ಅವರ ಸೀಟಿಗೇ ನುಗ್ಗಿದರು. ಬೀರುವಿನ ಈಚೆಯ ನನ್ನ ಮಕ್ಕಳೂ! ಆ ಹುಡುಗಿ ಅವರ ತೊಡೆಯ ಮೇಲೆ. ನನ್ನ ಸೀಟಿನಲ್ಲಿ ನಾನು, ಚಿತ್ರಾನ್ನದ ಪಾತ್ರೆ ಮತ್ತು ಕಿಟಕಿಯ ಆಚೆ ಸಿಂಹ. ಅದೂ ನನ್ನ ಕಡೆ ನೋಡಲಿಲ್ಲ.

ಇದಾದ ಮುಂದಿನ ವಾರವೇ ಜಿಲ್ಲಾ ಕಚೇರಿಯ ದೊಡ್ಡ ಸಾಹೇಬರು ಬಂದಿದ್ದು.

ಶಾಲೆಯ ಮುಂದೆ ಜೀಪು ನಿಂತ ಸದ್ದು ಕೇಳಿದರೆ ಒಂಟಿ ಮೇಷ್ಟ್ರ ಮೈಯಲ್ಲಿ ಏನಾಗುತ್ತದೆ ಎಂಬುದು ಒಂಟಿ ಮೇಷ್ಟ್ರಿಗೇ ಗೊತ್ತು. ತಲೆ ಯೋಚಿಸುವುದಿಲ್ಲ, ಕೈ ಕೋಲು ಹುಡುಕುತ್ತದೆ. ವರ್ಷಗಟ್ಟಲೆಯ ಅಭ್ಯಾಸ. ಅದರ ಜೊತೆಗೆ ಆ ಸಿಂಹದ ದಿನದ ಉರಿ ಇನ್ನೂ ಒಳಗಿತ್ತು. ನಾನು ಎದ್ದವನೇ ಚಪ್ಪಾಳೆ ತಟ್ಟಿ, "ಗೋಡೆ!" ಎಂದು ಕೂಗಿದೆ. ಮಕ್ಕಳಿಗೂ ಅದು ರಕ್ತದಲ್ಲಿತ್ತು; ಒಂದನೇ ಕ್ಲಾಸಿನ ಹೊಸಬರನ್ನು ದೊಡ್ಡವರು ಕೈಹಿಡಿದು ಎಳೆದರು. ಬೀರುವನ್ನು ಹುಡುಗರು ದಬ್ಬಿದರು. ಆಚೆಯವರೂ ಈಚೆಯವರೂ ಎದ್ದು ಓಡಿ ನಾಲ್ಕು ಗೋಡೆಗೆ ನಾಲ್ಕು ಕ್ಲಾಸಾಗಿ ಕೂತರು. ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ನಾನು ನಡುವೆ ನಿಂತು ಕೋಲು ಕುಟ್ಟಿದ್ದೆ.

ಅವತ್ತಿನ ಹಾಗೆ ನಾನು ಎಂದೂ ನಡೆಸಿರಲಿಲ್ಲ. ಒಂದು ಕುಟ್ಟು, ಎರಡು ಕುಟ್ಟು, ನಾಲ್ಕು, ಮೂರು. ಅಕ್ಷರಮಾಲೆಯ ಬಾಲಕ್ಕೆ ಮಗ್ಗಿ, ಮಗ್ಗಿಯ ಬಾಲಕ್ಕೆ ಪದ್ಯ. ಕೊನೆಗೆ ಕೋಲು ಒತ್ತಿ ಹಿಡಿದಾಗ ಕೋಣೆಯಲ್ಲಿ ಹಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ಟೀಚರ್ ಬೀರುವಿಗೆ ಒರಗಿ, ಕೈಕಟ್ಟಿ ನಿಂತಿದ್ದರು. ನೋಡಲಿ, ಇದು ಯಾರ ಶಾಲೆ ಅಂತ ನೋಡಲಿ ಎಂದುಕೊಂಡೆ.

ಸಾಹೇಬರು ನೋಡಿದರು. "ಭೇಷ್ ಮೇಷ್ಟ್ರೇ!" ಎಂದು ಬೆನ್ನು ತಟ್ಟಿದರು. "ಇಡೀ ಜಿಲ್ಲೆ ಸುತ್ತಿದೀನಿ, ಇಂಥದ್ದು ನೋಡಿಲ್ಲ. ಒಬ್ರೇ ನಾಲ್ಕು ಕ್ಲಾಸು! ಆಹಾ!" ಆಮೇಲೆ ಬೀರುವಿನ ಕಡೆ ತಿರುಗಿ, "ಇವ್ರು ಯಾರು?" ಎಂದರು.

"ನಮ್ಮ ಹೊಸ ಟೀಚರ್ ಸಾರ್."

"ಓಹೋ" ಎಂದರು ಸಾಹೇಬರು. ಆ ಓಹೋ ಎಷ್ಟು ಉದ್ದ ಇತ್ತು ಎಂದರೆ, ಅದು ಮುಗಿಯುವಷ್ಟರಲ್ಲಿ ನಾನು ಕೋಲನ್ನು ಬೆನ್ನ ಹಿಂದೆ ಅಡಗಿಸಿದ್ದೆ. "ಶಿವಮೊಗ್ಗದಲ್ಲಿ ಒಂದು ಶಾಲೆ ಟೀಚರ್ ಹೆರಿಗೆ ರಜೆ ಮೇಲೆ ಹೋಗಿದಾರೆ. ಅಲ್ಲಿ ಪೋಷಕರ ಗಲಾಟೆ. ಇಲ್ಲಿ ನೋಡಿದ್ರೆ ನೀವು ಒಬ್ರೇ ಇಷ್ಟು ಚೆನ್ನಾಗಿ ನಡೆಸ್ತಿದೀರಿ..."

"ಸಾರ್, ಅದು ಹಂಗಲ್ಲ..."

"ಕಣ್ಣಾರೆ ನೋಡಿದೀನಲ್ರೀ!"

ಜೀಪು ಹೋಯಿತು. ನಾವಿಬ್ಬರೂ ಜಗಲಿಯ ಮೇಲೆ ನಿಂತಿದ್ದೆವು. ಟೀಚರ್ ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ಸೆರಗಿನ ಧೂಳು ಕೊಡವಿಕೊಂಡು, "ಇಷ್ಟು ಚೆನ್ನಾಗಿ ಮಾಡ್ಬಾರ್ದಾಗಿತ್ತು ಸಾರ್ ನೀವು" ಎಂದರು.

ಅವರನ್ನು ಶಿವಮೊಗ್ಗಕ್ಕೆ ನಿಯೋಜನೆ ಮಾಡಿದ ಆದೇಶ ಡಿಸೆಂಬರಿಗೆ ಬಂತು. ಯಾವ ಶಾಲೆಗೆ ಅನ್ನುತ್ತೀರಿ? ಅದೇ, ನಮ್ಮ ಮನೆಯ ಪಕ್ಕದ ಶಾಲೆಗೆ. ಒಂದು ಕ್ಲಾಸಿಗೆ ಒಬ್ಬ ಟೀಚರ್, ಗಂಟೆಗೆ ಜವಾನ ಇರುವ ಆ ಮದುವೆಮನೆಗೆ, ನನ್ನ ಒಬ್ಬಳೇ ಟೀಚರನ್ನು!

ಅಲ್ಲಿಂದ ನನ್ನ ಹೊಟ್ಟೆಕಿಚ್ಚು ಮಗ್ಗುಲು ಬದಲಾಯಿಸಿತು. ಬೆಳಿಗ್ಗೆ ನನ್ನ ಬಸ್ಸು ಭದ್ರಾವತಿಗೆ ಹೋಗುತ್ತಿದ್ದರೆ ಅವರ ಬಸ್ಸು ಭದ್ರಾವತಿಯಿಂದ ಬರುತ್ತಿರುತ್ತಿತ್ತು. ನಡುದಾರಿಯಲ್ಲಿ ಎಲ್ಲೋ ಎರಡೂ ಬಸ್ಸು ಹಾರ್ನ್ ಮಾಡಿ ದಾಟುತ್ತಿದ್ದವು. ಅವರ ಊರಿನ ಮಕ್ಕಳಿಗೆ ಪಾಠ ಹೇಳಲು ನಾನು, ನನ್ನ ಬೀದಿಯ ಮಕ್ಕಳಿಗೆ ಪಾಠ ಹೇಳಲು ಅವರು. ಕಚೇರಿಯವರ ಬುದ್ಧಿಗೆ ಏನು ಹೇಳೋಣ.

ಸಾಲದ್ದಕ್ಕೆ ನನ್ನ ಹೆಂಡತಿ. ಹೂವು ತರಲು ಆ ಶಾಲೆಯ ಮುಂದೆಯೇ ಹೋಗಬೇಕಾದವಳು ದಿನಾ ಸಂಜೆ ವರದಿ ಒಪ್ಪಿಸುತ್ತಿದ್ದಳು.

"ನಿಮ್ಮ ಟೀಚರು ಇವತ್ತು ಗ್ರೌಂಡಲ್ಲಿ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡ್ತಿದ್ರು ಕಣ್ರೀ. ಸೀರೆ ಎತ್ತಿ ಸಿಕ್ಕಿಸ್ಕೊಂಡು! ಮಕ್ಕಳು ಹೆಂಗೆ ಕುಣೀತಿದ್ವು ಅಂತೀರಿ."

"ಆ ಮಕ್ಕಳಿಗೆ ಕುಣಿಸೋಕೆ ಇನ್ನೂ ಹತ್ತು ಜನ ಇದಾರೆ."

"ಟೀಚರನ್ನ ಮಧ್ಯಾಹ್ನ ಕರ್ಕೊಂಡು ಬಂದೆ ಮನೆಗೆ. ಕಾಫಿ ಕುಡಿದ್ಲು ಪಾಪ. ಒಳ್ಳೇ ಹುಡುಗಿ. ನಿಮ್ಮನ್ನ ಕೇಳಿದ್ಲು."

"ಏನಂತ?"

"ಸಾರ್ ಕೋಲು ಹೆಂಗಿದೆ ಅಂತ."

ನನ್ನ ಮನೆಯಲ್ಲಿ, ನನ್ನ ಲೋಟದಲ್ಲಿ ಕಾಫಿ ಕುಡಿದು ನನ್ನನ್ನೇ ಆಡಿಕೊಂಡು ಹೋಗಿದ್ದರು. ಆ ಸಂಜೆ ನನಗೆ ಕಾಫಿ ಸೇರಲಿಲ್ಲ.

ಇತ್ತ ಶಾಲೆಯಲ್ಲಿ ಹುಡುಗಿ ಮತ್ತೆ ಬಾಯಿ ಮುಚ್ಚಿಕೊಂಡಳು. ಬೀರು ದಬ್ಬಿದಲ್ಲೇ ಇತ್ತು, ಆದರೂ ಅವಳು ಟೀಚರ್ ಕೂರುತ್ತಿದ್ದ ಜಾಗ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಗೋಡೆಗೆ ಮುಖ ಮಾಡು ಎಂದರೆ ಮಡಚುವ ಕುರ್ಚಿಗೆ ಮುಖ ಮಾಡಿ ಕೂರುತ್ತಿದ್ದಳು. ಆ ಖಾಲಿ ಕುರ್ಚಿಯ ಮೇಲೂ ನನಗೆ ಸಿಟ್ಟು ಬರುತ್ತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ನಾನು ಆ ಕುರ್ಚಿ ಮಡಚಿಟ್ಟು ನೆಲದ ಮೇಲೆ ಕೂತೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ತರಕಾರಿ ಮಾರುವ ತಮಿಳು ಅಮ್ಮನ ಬಳಿ ಅಭ್ಯಾಸ ಮಾಡಿಕೊಂಡು ಬಂದಿದ್ದನ್ನು ಹೇಳಿದೆ. "ಸಾಪ್ಟಿಯಾ?"

ಅವಳು ನನ್ನನ್ನು ನೋಡಿದಳು. ನಾಯಿಮರಿ ಮಾತಾಡಿದರೆ ಹೇಗೆ ನೋಡುತ್ತೇವೋ ಹಾಗೆ. ಆಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕಿದ್ದೇ ಸಾಕೆಂದು ದಿನಾ ಒಂದೊಂದು ಕೇಳತೊಡಗಿದೆ. ಮರ ತೋರಿಸಿದರೆ ಮರಂ ಎನ್ನುವಳು, ನಾನು ಹೇಳಿದರೆ ತಿದ್ದುವಳು. ನನ್ನ ಉಚ್ಚಾರ ಅವಳಿಗೆ ಒಪ್ಪಿಗೆಯಾಗುವುದೇ ಇಲ್ಲ. ಆದರೆ ಎಷ್ಟು ಹೊತ್ತು ಕೂರಲಿ? ಪಾಠದ ಹೊತ್ತಿನಲ್ಲಿ ಅವಳ ಬಳಿ ಕೂತರೆ ಮಿಕ್ಕ ಮೂರು ಗೋಡೆಯಲ್ಲಿ ಹೊಡೆದಾಟ. ಎದ್ದು ಹೋಗಿ ಬಿಡಿಸಿ ಬರುವಷ್ಟರಲ್ಲಿ ಅವಳು ಮತ್ತೆ ಕಂಬ ಹಿಡಿದಿರುವಳು. ಅವಳ ಪಾಲಿಗೆ ನಾನು ಊಟದ ಗಂಟೆಯ ಮೇಷ್ಟ್ರು, ಅಷ್ಟೇ. ಟೀಚರ್ ಕಲಿಸಿ ಹೋಗಿದ್ದ ಅಕ್ಷರಗಳನ್ನು ಅವಳು ಸ್ಲೇಟಿನ ಮೇಲೆ ಬರೆಯುವುದು, ಒರೆಸುವುದು, ಮತ್ತೆ ಅವನ್ನೇ ಬರೆಯುವುದು. ಮುಂದಿನದನ್ನು ಹೇಳಿಕೊಡಲು ಜನ ಇರಲಿಲ್ಲ.

ಮತ್ತು ದಿನಾ ಶಾಲೆ ಬಿಡುವಾಗ ಒಂದು ಪ್ರಶ್ನೆ. "ಟೀಚರ್ ಎಪ್ಪೊ ವರುವಾಂಗ?" ಟೀಚರ್ ಯಾವಾಗ ಬರುತ್ತಾರೆ ಅಂತ. ತಮಿಳಿನಲ್ಲಿ ನನಗೆ ಪೂರ್ತಿ ಅರ್ಥವಾಗುತ್ತಿದ್ದ ವಾಕ್ಯ ಅದೊಂದೇ. ನಾನು ಜ್ವರ ಬಂದು ರಜೆ ಹಾಕಿದಾಗ ಈ ಪ್ರಶ್ನೆಯನ್ನು ಯಾರಾದರೂ ಯಾರನ್ನಾದರೂ ಕೇಳಿದ್ದರೇ? ಕೇಳಿರಲಿಕ್ಕಿಲ್ಲ.

ಜನವರಿಯಲ್ಲಿ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಸ್ಸಿನಿಂದ ಇಳಿದವನು ಮನೆಗೆ ಹೋಗದೆ ನೇರ ಜಿಲ್ಲಾ ಕಚೇರಿಗೆ ಹೋದೆ. ಸಾಹೇಬರು ನನ್ನನ್ನು ನೋಡಿದವರೇ ಎದ್ದು ನಿಂತರು. "ಬನ್ನಿ ಬನ್ನಿ! ಎಲ್ಲಾ ಮೀಟಿಂಗಲ್ಲೂ ನಿಮ್ಮ ಕೋಲಿನ ವಿಷಯಾನೇ ಹೇಳ್ತಿದೀನಿ. ಒಬ್ರೇ ಇದೀನಿ ಅಂತ ಅಳೋರಿಗೆಲ್ಲ, ಹೋಗಿ ಅಲ್ಲಿ ನೋಡ್ಕೊಂಡು ಬನ್ರೋ ಅಂತೀನಿ."

ನನಗೆ ಕೂತ ಕುರ್ಚಿ ಸುಟ್ಟ ಹಾಗಾಯಿತು. ಜಿಲ್ಲೆಯಲ್ಲಿ ಎಷ್ಟು ಒಂಟಿ ಮೇಷ್ಟ್ರುಗಳು ನನಗೆ ಶಾಪ ಹಾಕುತ್ತಿದ್ದರೋ.

"ಸಾರ್, ನಮ್ಮ ಟೀಚರನ್ನ ವಾಪಸ್ ಕಳಿಸ್ಕೊಡಿ" ಎಂದೆ.

"ಅಯ್ಯೋ, ನಿಮಗೆ ಯಾಕೆ ಮೇಷ್ಟ್ರೇ? ಆ ಶಾಲೆಗೆ ಬೇಕು."

"ಆ ಶಾಲೆ ನಮ್ಮನೆ ಪಕ್ಕದಲ್ಲೇ ಇದೆ ಸಾರ್. ದಿನಾ ನೋಡ್ತೀನಿ. ಅಲ್ಲಿ ಒಬ್ರು ಬರ್ಲಿಲ್ಲ ಅಂದ್ರೆ ಎರಡು ಕ್ಲಾಸು ಒಟ್ಟಿಗೆ ಕೂರ್ತವೆ. ನಮ್ಮಲ್ಲಿ ಯಾವಾಗ್ಲೂ ನಾಲ್ಕು ಒಟ್ಟಿಗೆ."

"ಆದ್ರೂ ನೀವು ನಡೆಸ್ತೀರಲ್ಲ!"

ಇದಕ್ಕೆ ಉತ್ತರ ಶಾಲೆಯಲ್ಲಿತ್ತು. "ಇನ್ನೊಂದ್ಸಲ ಬನ್ನಿ ಸಾರ್. ಈ ಸಲ ನಾನು ಕೋಲು ಮುಟ್ಟಲ್ಲ. ನೀವೇ ಯಾರನ್ನ ಬೇಕಾದ್ರೂ ಎಬ್ಬಿಸಿ, ಪುಸ್ತಕ ಕೊಟ್ಟು ಓದಿಸಿ" ಎಂದು ಹೇಳಿ, ಬರ್ತೀನಿ ಎನ್ನಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಯಾಕಾದರೂ ಹೇಳಿದೆನೋ ಅನಿಸಿತು.

ಸಾಹೇಬರು ಮಾತಿಗೆ ತಪ್ಪುವವರಲ್ಲ. ಬಂದರು. ಜೀಪಿನ ಸದ್ದಿಗೆ ನನ್ನ ಕೈ ಎದ್ದಿತು. ಕೋಲನ್ನು ಮೊದಲೇ ಬೀರುವಿನ ನೆತ್ತಿಯ ಮೇಲೆ ಕೈಗೆಟುಕದ ಹಾಗೆ ಇಟ್ಟಿದ್ದೆ. ಮಕ್ಕಳು "ಗೋಡೆನಾ ಸಾ?" ಎಂದರು. ಬೇಡ, ಸುಮ್ಮನೆ ಇದ್ದಲ್ಲೇ ಇರಿ ಎಂದೆ.

ಸಾಹೇಬರು ಮೂರನೇ ತರಗತಿಯ ಒಬ್ಬ ಹುಡುಗನನ್ನು ಕರೆದು ಪುಸ್ತಕದ ನಡುವೆ ಬಿಡಿಸಿ ಕೊಟ್ಟರು. ಹುಡುಗ ಎದೆ ಸೆಟೆಸಿ, ಸಾಲಿನ ಮೇಲೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದ. ಒಂದು ತಪ್ಪೂ ಇಲ್ಲ. ಆದರೆ ಅವನು ಓದುತ್ತಿದ್ದದ್ದು ಮೊದಲನೇ ಪಾಠ. ಸಾಹೇಬರು ಮೆಲ್ಲನೆ ಹಾಳೆ ತಿರುವಿದರು. ಅವನು ನಿಲ್ಲಿಸಲಿಲ್ಲ. ಪುಸ್ತಕವನ್ನೇ ತಲೆಕೆಳಗು ಮಾಡಿದರು. ಅವನ ಬೆರಳು ತಲೆಕೆಳಗಿನ ಸಾಲಿನ ಮೇಲೆ ಓಡುತ್ತಲೇ ಇತ್ತು, ಬಾಯಲ್ಲಿ ಮೊದಲನೇ ಪಾಠ ಹರಿಯುತ್ತಲೇ ಇತ್ತು. ನಾಲ್ಕನೇ ತರಗತಿಯ ಇನ್ನೊಬ್ಬನದೂ ಇದೇ ಕತೆ. ಇವರೆಲ್ಲ ಒಂದನೇ ಕ್ಲಾಸಿನಿಂದ ನನ್ನ ಕೈಯಲ್ಲೇ ಬೆಳೆದವರು. ನನ್ನ ಕೋಲಿಗೆ ಹೇಳುವ ಬಾಯಿ ಕೊಡಲು ಬರುತ್ತಿತ್ತು, ಓದುವ ಕಣ್ಣು ಕೊಡಲು ಒಬ್ಬೊಬ್ಬರ ಪಕ್ಕ ಕೂರಬೇಕಿತ್ತು, ಯಾವಾಗ ಕೂರಲಿ?

ಸಾಹೇಬರು ಪುಸ್ತಕ ಮುಚ್ಚಿ ವಾಪಸ್ ಕೊಟ್ಟರು. ಎರಡನೇ ತರಗತಿಯ ಕಡೆ ಹೋಗಿ ಒಂದು ಚಿಕ್ಕ ಹುಡುಗನಿಗೆ ಪುಸ್ತಕದ ನಡುವೆ ಬಿಡಿಸಿ ಕೊಟ್ಟರು. ಅವನು ತಡವರಿಸಿದ. ತುಟಿ ಕಚ್ಚಿದ. ಒಂದೊಂದೇ ಅಕ್ಷರ ಕೂಡಿಸಿ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹಳ್ಳ ದಾಟುವವನ ಹಾಗೆ, ಆ ಪುಟದಲ್ಲಿ ಇದ್ದದ್ದನ್ನೇ ಓದಿದ. ಅವನ ಪಕ್ಕದವಳೂ ಓದಿದಳು. ಜೂನಿನಿಂದ ಡಿಸೆಂಬರಿನವರೆಗೆ ಬೀರುವಿನ ಆಚೆ ಕಾಗೆ ಕೂಗಿ, ನಾಯಿ ಬೊಗಳಿ ಕಲಿತವರು.

ಆ ಮಕ್ಕಳು ಓದಿದ್ದಕ್ಕೆ ನನಗೆ ಕುಣಿಯುವಷ್ಟು ಸಂತೋಷವಾಯಿತು ಎಂದು ಬರೆದರೆ ನಮ್ಮಜ್ಜಿ ಮೇಲಿಂದ ಕೆಮ್ಮುತ್ತಾಳೆ. ಎದೆಯಲ್ಲಿ ಮೆಣಸಿನಕಾಯಿ ಸುಟ್ಟ ಹಾಗಾಯಿತು. ಆದರೂ ನಾನೇ ಬೆರಳು ಮಾಡಿ, "ಇವ್ರು ಟೀಚರ್ ಕಲಿಸಿದ ಮಕ್ಕಳು ಸಾರ್. ಅವ್ರು ನಾನು ಕಲಿಸಿದವ್ರು" ಎಂದೆ.

ಅಷ್ಟರಲ್ಲಿ ಕುರ್ಚಿಯ ಬಳಿ ಕೂತಿದ್ದ ಹುಡುಗಿ ಎದ್ದು ಬಂದಳು. ಸಾಹೇಬರ ಪ್ಯಾಂಟಿನ ತುದಿ ಹಿಡಿದು ಎಳೆದು ಕೇಳಿದಳು. "ಟೀಚರ್ ಎಪ್ಪೊ ವರುವಾಂಗ?"

ಸಾಹೇಬರು ನನ್ನ ಮುಖ ನೋಡಿದರು.

"ಟೀಚರ್ ಯಾವಾಗ ಬರ್ತಾರೆ ಅಂತ ಕೇಳ್ತಿದಾಳೆ ಸಾರ್. ನನ್ನನ್ನ ದಿನಾ ಕೇಳ್ತಾಳೆ. ನನ್ನ ಹತ್ರ ಉತ್ತರ ಇಲ್ಲ."

ಸಾಹೇಬರು ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡರು. ಜೀಪಿನ ಬಳಿ ನಿಂತು, "ಅಲ್ಲಾ ಮೇಷ್ಟ್ರೇ, ಇದನ್ನ ಮೊದಲನೇ ಸಲಾನೇ ತೋರಿಸೋದಲ್ವಾ?" ಎಂದರು.

"ಜೀಪಿನ ಸದ್ದು ಕೇಳಿದ್ರೆ ಇರೋದನ್ನ ತೋರ್ಸೋ ಅಭ್ಯಾಸ ಯಾರಿಗಿದೆ ಸಾರ್?" ಎಂದೆ. ಅವರು ನಕ್ಕರು. ಅವರೂ ಒಂದು ಕಾಲದಲ್ಲಿ ಮೇಷ್ಟ್ರಾಗಿದ್ದವರೇ.

ಗಣರಾಜ್ಯೋತ್ಸವದ ಮರುದಿನ ಟೀಚರ್ ವಾಪಸಾದರು. ಗೇಟಿನಲ್ಲಿ ಅವರು ಕಂಡಿದ್ದೇ ತಡ, ಇಡೀ ಶಾಲೆ ಎದ್ದು ಓಡಿತು. ನನ್ನ ಪಕ್ಕದಿಂದ, ನನ್ನ ಪಂಚೆಗೆ ಒರಸಿಕೊಂಡು ಓಡಿದ ಹುಡುಗಿ ಹಿಂತಿರುಗಿಯೂ ನೋಡಲಿಲ್ಲ. ಇವರಿಗಾಗಿ ಮಾನ ಕಳೆದುಕೊಂಡವನು ಇಲ್ಲಿ ನಿಂತಿದ್ದೇನೆ ಎಂದು ಯಾರಿಗೆ ಹೇಳುವುದು? ಗಂಟೆಯನ್ನು ಸ್ವಲ್ಪ ಜೋರಾಗಿಯೇ ಹೊಡೆದೆ.

ಹುಡುಗಿ ಅವರ ಕಿವಿಯಲ್ಲಿ ಏನೋ ಹೇಳುತ್ತಾ ನನ್ನ ಕಡೆ ನೋಡಿದಳು. ಇಬ್ಬರೂ ನಕ್ಕರು.

"ಏನಂತೆ?" ಎಂದೆ.

"ಏನಿಲ್ಲ ಸಾರ್, ಸುಮ್ನೆ."

ಸುಮ್ಮನೆ ಏನು? ಈಗ ನನಗೂ ಸ್ವಲ್ಪ ತಿಳಿಯುತ್ತಿತ್ತಲ್ಲ! "ಸಾರ್ ಪಾವಂ" ಎಂದಿದ್ದು ಸ್ಪಷ್ಟವಾಗಿ ಕೇಳಿಸಿತ್ತು. ಸಾರ್ ಪಾಪ ಅಂತ. ನನ್ನ ಬಗ್ಗೆ ಆ ಹುಡುಗಿ ತಾನಾಗಿ ಆಡಿದ ಮೊದಲ ಮಾತು.

ಆ ಸಂಜೆ ಮಕ್ಕಳು ಹೋದ ಮೇಲೆ ನಾನೇ ಕೇಳಿದೆ. "ಮೇಡಂ, ನನ್ನ ಮೂರು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಓದಕ್ಕೆ ಬರಲ್ಲ. ನಿಮಗೆ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು ಸಾರ್."

"ಹೇಳ್ಬೋದಿತ್ತಲ್ಲ."

"ಬೀರು ದಾಟಿ ಬರೋಕೆ ಭಯ ಆಗ್ತಿತ್ತು ಸಾರ್. ನಿಮ್ಮ ಕೈಯಲ್ಲಿ ಕೋಲಿರ್ತಿತ್ತು" ಎಂದು ಮುಸಿಮುಸಿ ನಕ್ಕರು.

ಬೀರುವನ್ನು ಮತ್ತೆ ಅಡ್ಡ ಎಳೆದೆವು. ಬೆಳಿಗ್ಗೆ ಅವರವರ ಮಕ್ಕಳು ಅವರವರಿಗೆ. ಮಧ್ಯಾಹ್ನ ಅದಲುಬದಲು. ನನ್ನ ದೊಡ್ಡ ಮಕ್ಕಳಿಗೆ ಅವರು ಅಕ್ಷರದಿಂದ ಓದಿಸುವುದು, ಅವರ ಚಿಕ್ಕ ಮಕ್ಕಳಿಗೆ ನಾನು ಕತೆ ಹೇಳುವುದು. ಮೊದಲ ದಿನ ಚಿಕ್ಕವರು ನನ್ನನ್ನು ನೋಡಿ ಮುಖ ಸಪ್ಪೆ ಮಾಡಿಕೊಂಡರು. ನಾನು ನೆಲದ ಮೇಲೆ ಕೂತು ಅಂದು ವ್ಯಾನಿನಲ್ಲಿ ಹೇಳದೆ ಉಳಿದಿದ್ದ ಸಿಂಹದ ಕತೆ ತೆಗೆದೆ. ಸಿಂಹಕ್ಕೆ ನಮ್ಮಜ್ಜಿಯ ಮಾತು, ನರಿಗೆ ನನಗೆ ಬರುತ್ತಿದ್ದ ನಾಲ್ಕಾಣೆ ತಮಿಳು. ನರಿ ಸಿಂಹವನ್ನು "ಸಾಪ್ಟಿಯಾ?" ಎಂದು ಕೇಳಿತು ನೋಡಿ, ಹುಡುಗಿ ಬಿದ್ದು ಬಿದ್ದು ನಕ್ಕು ನನ್ನ ಮಂಡಿಯ ಮೇಲೆ ಕೈಯೂರಿದಳು. "ಇನ್ನೊಂದ್ಸಲ ಸಾ, ಇನ್ನೊಂದ್ಸಲ" ಎಂದಳು, ಕನ್ನಡದಲ್ಲಿ. ಮಿಕ್ಕವರೂ ಕಿರುಚಿದರು.

ಬೀರುವಿನ ಆಚೆ ಓದುವ ಸದ್ದು ನಿಂತಿತು. ಕತ್ತೆತ್ತಿ ನೋಡಿದೆ. ಬೀರುವಿನ ಪಕ್ಕದಿಂದ ಟೀಚರ್ ಇಣುಕುತ್ತಿದ್ದರು. ಆ ಮುಖದ ಮೇಲಿದ್ದದ್ದು ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜೂನಿನಿಂದ ಅದನ್ನೇ ಕನ್ನಡಿಯಲ್ಲಿ ನೋಡಿಕೊಂಡು ಬಂದವನು ನಾನು.

"ಏನ್ ಸಾರ್" ಎಂದರು, "ನನ್ನ ಮಕ್ಕಳಿಗೆ ಅದೇನು ಹೇಳ್ಕೊಡ್ತಿದೀರಿ?"

"ಏನಿಲ್ಲ ಮೇಡಂ, ಸುಮ್ನೆ" ಎಂದೆ.